ಟವೆಲ್ಲಿನ ಅಡಿಯ ಬೆಲೆ

ಹೊಳೆದಂಡೆಯ ಆಶ್ರಮದಲ್ಲಿ ಯಾರೂ ಓಡುವುದಿಲ್ಲ. ಓಡುವಂಥ ಅವಸರ ಅಲ್ಲಿ ಯಾರಿಗೂ ಇಲ್ಲ. ಆದರೆ ಅವತ್ತು ಸಂಜೆ ಶಿಷ್ಯ ಚಿಕ್ಕಲಿಂಗ ಓಡಿ ಬಂದ. ಅದೂ ಎಂಥ ಓಟ! ಪಂಚೆ ಎತ್ತಿ ಕಟ್ಟಿ, ಹೆಗಲ ಮೇಲಿನ ಟವೆಲ್ ಹಾರಾಡಿಸಿಕೊಂಡು, ದೂರದಿಂದಲೇ ಕೂಗುತ್ತಾ.

“ಬುದ್ಧೀ! ಟ್ರ್ಯಾಕ್ಟರ್ ಸಿಕ್ತು ಬುದ್ಧೀ!”

ಗುರುಗಳು ಹೊಳೆಮೆಟ್ಟಿಲ ಮೇಲೆ ಕೂತು ಕಾಲು ತೊಳೆಯುತ್ತಿದ್ದರು. ಸರಕ್ಕನೆ ತಿರುಗಿದರು. ಸುಳ್ಳೇಕೆ, ಅವರಿಗೂ ಬೆಳಗಿನಿಂದ ಕುತೂಹಲ ತಡೆಯಲಾಗಿರಲಿಲ್ಲ.

ವಿಷಯ ಇಷ್ಟೇ. ಆಶ್ರಮದ ದಾಸೋಹ ನಡೆಯುವುದು ಅದರದೇ ಹೊಲದ ರಾಗಿಯಿಂದ. ಜೋಡೆತ್ತು ಮುದಿಯಾಗಿದ್ದವು. ಬಾಡಿಗೆ ಟ್ರ್ಯಾಕ್ಟರಿನವರು ತಮ್ಮ ಹೊಲ ಮುಗಿಸಿ ಬರುವಷ್ಟರಲ್ಲಿ ಮಣ್ಣಿನ ಹದ ಆರಿ, ಹೋದ ವರ್ಷ ಬಿತ್ತನೆ ಕೆಟ್ಟಿತ್ತು. ಹಸಿದು ಬಂದವರಿಗೆ ತೆಳ್ಳನೆ ಗಂಜಿ ಹಾಕಿ ಕಳಿಸಿದ್ದರು. ಸಾಲದ್ದಕ್ಕೆ ಹೊಲದ ತುಂಬ ತೆಂಗಿನ ಸಾಲು. ದೊಡ್ಡ ಗಾಡಿ ಒಳಗೆ ತಿರುಗುವುದಿಲ್ಲ. ಪುಟಾಣಿ ಟ್ರ್ಯಾಕ್ಟರ್ ಒಂದು, ಹಳೆಯದಾದರೂ ಸರಿ, ಬೇಕೇ ಬೇಕಿತ್ತು. ಹುಂಡಿಯಲ್ಲಿ ಇದ್ದದ್ದು ಎರಡು ಲಕ್ಷ.

“ನ್ಯಾಯವಾದ ಬೆಲೆ ಯಾವುದು ಅಂತ ನೋಡ್ಕೊಂಡು ಬಾ” ಎಂದು ಗುರುಗಳು ಕಳಿಸಿದ್ದು ಚಿಕ್ಕಲಿಂಗನನ್ನೇ. ಅವನ ಅಪ್ಪ ದನದ ಸಂತೆಯಲ್ಲಿ ದಲ್ಲಾಳಿ. ಇವನೋ, ಆಶ್ರಮಕ್ಕೆ ಬರುವ ಮೊದಲು ಟ್ರ್ಯಾಕ್ಟರ್ ರಿಪೇರಿ ಶೆಡ್ಡಿನಲ್ಲಿ ಮೈಗೆಲ್ಲ ಗ್ರೀಸು ಮೆತ್ತಿಕೊಂಡವನು. ಇನ್ನೇನು ಬೇಕು?

“ಕೂತ್ಕೋ, ಕೂತ್ಕೋ. ಯಾರ ಗಾಡಿ?” ಎಂದರು ಗುರುಗಳು.

“ಆಚೆ ದಡದ ಜವರಪ್ಪನೋರ್ದು. ಬೆನ್ನು ನೋವಂತೆ, ಗಾಡಿ ಹತ್ತಬೇಡಿ ಅಂತ ಡಾಕ್ಟ್ರು ಹೇಳವ್ರಂತೆ. ಅದಕ್ಕೇ ಮಾರ್ತಾವ್ರೆ.”

“ಬಾನೆಟ್ ಮುಟ್ಟಿ ನೋಡ್ದಾ? ತಣ್ಣಗಿತ್ತಾ?”

“ಐಸ್ ಆಗಿತ್ತು ಬುದ್ಧಿ! ನಾನು ಬರ್ತೀನಿ ಅಂತ ಮೊದಲೇ ಬಿಸಿ ಮಾಡಿಟ್ಟಿರಲಿಲ್ಲ. ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು.”

“ಹೊಗೆ?”

“ಒಂದು ಕ್ಷಣ ಕಪ್ಪು, ಆಮೇಲೆ ಏನೂ ಕಾಣಲೇ ಇಲ್ಲ. ನೀಲಿಯಂತೂ ಬರಲೇ ಇಲ್ಲ, ಆಯಿಲ್ ಸುಡ್ತಿಲ್ಲ.”

“ಭಲೇ! ಟೈರು?”

“ಇನ್ನೂ ಎರಡು ವರ್ಷ ಚಿಂತೆ ಇಲ್ಲ. ನೇಗಿಲು ಮೇಲೆತ್ತಿಸಿ ಹಾಗೇ ನಿಲ್ಲಿಸ್ದೆ, ಒಂದು ಬೆರಳಷ್ಟೂ ಕೆಳಗಿಳೀಲಿಲ್ಲ.”

ಗುರುಗಳು ಮಕ್ಕಳ ಹಾಗೆ ತೊಡೆ ತಟ್ಟಿದರು. ಚಿಕ್ಕಲಿಂಗ ಇನ್ನಷ್ಟು ಉಬ್ಬಿದ.

“ಬೆಲೆ ಕೇಳಿ ಬುದ್ಧಿ. ಒಂದೂ ಮುಕ್ಕಾಲು ಲಕ್ಷ! ಮಾತು ಮುಗಿಸೇ ಬಂದೆ. ಎರಡರಲ್ಲೂ ಉಳೀತು!”

“ಅಷ್ಟು ಒಳ್ಳೆ ಗಾಡೀನ ಅಷ್ಟಕ್ಕೆ ಯಾಕೆ ಕೊಡ್ತಾರೋ?”

ಚಿಕ್ಕಲಿಂಗ ಹತ್ತಿರ ಸರಿದ. ಗುಟ್ಟು ಹೇಳುವ ಖುಷಿ ಅವನ ಮುಖದಲ್ಲಿ ಹಿಡಿಸುತ್ತಿರಲಿಲ್ಲ.

“ಗಾಡಿ ಓಡುವಾಗ ಹಿಂದುಗಡೆ ಕಟಕ್ ಕಟಕ್ ಅನ್ನುತ್ತೆ. ಗೇರ್‌ಬಾಕ್ಸ್ ಹೋಗಿದೆ ಅಂತ ಜವರಪ್ಪನೋರಿಗೆ ಯಾರೋ ತಲೆಗೆ ತುಂಬವ್ರೆ. ಗೇರ್‌ಬಾಕ್ಸೂ ಇಲ್ಲ, ಮಣ್ಣಂಗಟ್ಟೀನೂ ಇಲ್ಲ! ಹಿಂದಿನ ಚಕ್ರಕ್ಕೆ ಭಾರಕ್ಕೆ ಅಂತ ಕಬ್ಬಿಣದ ಬಿಲ್ಲೆ ಕಟ್ಟಿರ್ತಾರಲ್ಲ, ಅದರ ಬೋಲ್ಟ್ ಸಡಿಲ ಆಗಿದೆ. ಬಗ್ಗಿ ನೋಡ್ದೆ, ಕಂಡೋಯ್ತು. ಒಂದು ಸಲ ಸ್ಪ್ಯಾನರ್ ತಿರುಗಿಸಿದ್ರೆ ಮುಗೀತು ಕತೆ!”

“ಅವರಿಗೆ ಹೇಳ್ದಾ?”

“ಹೇಳ್ತಾರಾ ಬುದ್ಧಿ ಯಾರಾದ್ರೂ?” ಚಿಕ್ಕಲಿಂಗ ನಕ್ಕ. “ನಮ್ಮಪ್ಪನ ಥರಾನೇ ಟವೆಲ್ ಹಾಕಿ, ಅಡೀಲಿ ಬೆರಳು ಹಿಡಿದು ಬೆಲೆ ಮುಗಿಸ್ದೆ.”

ದನದ ಸಂತೆಯಲ್ಲಿ ಹಾಗೇ. ಕೊಳ್ಳುವವನೂ ಮಾರುವವನೂ ಕೈ ಕೊಟ್ಟು, ಮೇಲೆ ಟವೆಲ್ ಮುಚ್ಚಿ, ಬೆರಳಲ್ಲೇ ಬೆಲೆ ಆಡುತ್ತಾರೆ. ಸುತ್ತ ನಿಂತ ಜನಕ್ಕೆ ತಿಳಿಯಬಾರದಲ್ಲ, ಅದಕ್ಕೆ.

ಗುರುಗಳು ಒದ್ದೆ ಕೈ ಒರೆಸಿಕೊಂಡು ಮುಂದೆ ಚಾಚಿದರು.

“ನನಗೂ ತೋರಿಸು. ನಾನೇ ಜವರಪ್ಪ.”

ಚಿಕ್ಕಲಿಂಗ ಹುಮ್ಮಸ್ಸಿನಿಂದ ಟವೆಲ್ ಹಾಕಿದ. ಅಡಿಯಲ್ಲಿ ಗುರುಗಳ ಒಂದು ಬೆರಳನ್ನು ಪೂರ್ತಿ ಹಿಡಿದ, ಎರಡನೆಯದನ್ನು ಮುಕ್ಕಾಲು.

“ಸರಿ. ಈಗ ಆ ಗಾಡಿ ನಿಜಕ್ಕೂ ಎಷ್ಟು ಬಾಳುತ್ತೋ ಅದನ್ನ ಹಿಡಿ.”

ಟವೆಲ್ಲಿನ ಅಡಿಯಲ್ಲಿ ಬೆರಳುಗಳು ಮೆಲ್ಲಗೆ ಸರಿದವು. ಎರಡು ಬೆರಳು ಪೂರ್ತಿ, ಮೂರನೆಯದು ಅರ್ಧ.

ಗುರುಗಳು ಕೈ ಬಿಡಲಿಲ್ಲ.

“ನೀವು ಬೆಲೆ ಆಡುವಾಗ ಅಲ್ಲಿ ಇನ್ಯಾರಿದ್ರು?”

“ಯಾರೂ ಇರಲಿಲ್ಲ ಬುದ್ಧಿ. ಕೊಟ್ಟಿಗೇಲಿ ನಾವಿಬ್ಬರೇ.”

“ಮತ್ತೆ ಟವೆಲ್ ಯಾರಿಗೆ ಹಾಕ್ದೆ?”

ಚಿಕ್ಕಲಿಂಗನ ನಗು ಅಲ್ಲೇ ನಿಂತಿತು. ಸಿಟ್ಟೇ ಬಂತು.

“ನಾನೇನು ನನ್ನ ಮನೆಗೆ ತರ್ತಿದ್ದೀನಾ ಬುದ್ಧಿ? ದಾಸೋಹಕ್ಕಲ್ವಾ? ಎರಡೂವರೆ ಅಂದ್ರೆ ನಮ್ಮ ಹತ್ರ ಎಲ್ಲಿದೆ? ಈ ಸಲಾನೂ ಗಂಜೀನೇ ಹಾಕೋದಾ?”

ಗುರುಗಳು ಟವೆಲ್ ಮಡಿಸಿ ಅವನ ಹೆಗಲ ಮೇಲೆ ಇಟ್ಟರು.

“ಬೆಳಿಗ್ಗೆ ಹುಂಡಿ ದುಡ್ಡು ಪೂರ್ತಿ ತಗೊಂಡು ಹೋಗು. ಹೋಗ್ತಾ ಮಜ್ಜಿಗೆ ಕುಡಿದು ಹೋಗು” ಎಂದು ಎದ್ದು ಹೋದರು.

ಬೆಳಿಗ್ಗೆ ಚಿಕ್ಕಲಿಂಗ ದುಡ್ಡಿನ ಚೀಲ ಹಿಡಿದು ಆಚೆ ದಡಕ್ಕೆ ಹೋದ. ಹರಿಗೋಲಿನಲ್ಲಿ ಕೂತಷ್ಟು ಹೊತ್ತೂ ಒಂದೂ ಮುಕ್ಕಾಲು, ಒಂದೂ ಮುಕ್ಕಾಲು ಎಂದು ಮನಸಿಗೆ ಹೇಳಿಕೊಳ್ಳುತ್ತಲೇ ಇದ್ದ.

ಜವರಪ್ಪ ಟ್ರ್ಯಾಕ್ಟರಿಗೆ ಸ್ನಾನ ಮಾಡಿಸಿ, ಕುಂಕುಮ ಇಟ್ಟು, ಕನಕಾಂಬರದ ಮಾಲೆ ಹಾಕಿ ನಿಲ್ಲಿಸಿದ್ದರು. ಹೆಣ್ಣು ಒಪ್ಪಿಸಿಕೊಡುವ ಮನೆಯವರ ಮುಖ ಅವರದು.

“ಸಾಮಿ, ಒಂದು ಮಾತು” ಎಂದರು ಜವರಪ್ಪ. “ಜೋರಾಗಿ ಓಡಿಸ್ಬೇಡಿ. ಪಾಪ, ಅದಕ್ಕೆ ಒಳಗೆ ಏಟಾಗಿದೆ.”

ಚೀಲ ಬಿಚ್ಚಲು ಹೋದ ಚಿಕ್ಕಲಿಂಗನ ಕೈ ಹಿಂದೆ ಬಂತು.

“ಯಜಮಾನ್ರೇ, ಸ್ಪ್ಯಾನರ್ ಇದೆಯಾ?”

“ಈಗ್ಯಾಕೆ ಸಾಮಿ?”

“ಕೊಡಿ.”

ಚಕ್ರದ ಪಕ್ಕ ಕೂತ. ಬೋಲ್ಟ್ ಬಿಗಿ ಮಾಡಿದ. ಎದ್ದು ನಿಂತು, “ಹತ್ತಿ, ಓಡಿಸಿ” ಎಂದ.

“ಡಾಕ್ಟ್ರು ಬೇಡ ಅಂದವ್ರೆ.”

“ಒಂದೇ ಒಂದು ಸುತ್ತು.”

ಜವರಪ್ಪ ಬೆನ್ನು ಹಿಡಿದುಕೊಂಡು ಹತ್ತಿದರು. ಗಾಡಿ ಹೊರಟಿತು. ಕಣದ ಆ ಮೂಲೆಗೆ ಹೋಯಿತು, ಈ ಮೂಲೆಗೆ ಬಂತು. ಸದ್ದಿಲ್ಲ! ಒಂದು ಸುತ್ತಿಗೆ ಹತ್ತಿದವರು ಮೂರು ಸುತ್ತು ಹಾಕಿದರು.

“ಏ ಇವಳೇ! ಬಾರೇ ಈಚೆಗೆ! ಸದ್ದು ನಿಂತೋಯ್ತು ಕಣೇ!” ಎಂದು ಹೆಂಡತಿಯನ್ನು ಕೂಗಿದರು. ಆ ಕೂಗಿಗೆ ಹೆಂಡತಿ ಏನು, ಅರ್ಧ ಬೀದಿಯೇ ಬಂತು. ಚಿಕ್ಕಲಿಂಗನಿಗೂ ಒಂದು ಗಳಿಗೆ ಎಲ್ಲಾ ಮರೆತು ಕುಣಿಯುವ ಹಾಗಾಯ್ತು.

ಜವರಪ್ಪ ಎಂಜಿನ್ ಆರಿಸಿದರು. ನಗು ಮೆಲ್ಲಗೆ ಇಳಿಯಿತು.

“ನಿನ್ನೆ ನನ್ನ ಕೈ ಹಿಡಿದಾಗ ಇದು ಗೊತ್ತಿತ್ತಾ?”

“ಗೊತ್ತಿತ್ತು.”

“ಗೊತ್ತಿದ್ದೂ ಹಿಡ್ದಾ?”

“ಹಿಡಿದೆ ಯಜಮಾನ್ರೇ. ತಪ್ಪಾಯ್ತು.”

ಜವರಪ್ಪ ಮುಖ ಆ ಕಡೆ ತಿರುಗಿಸಿದರು. ಟ್ರ್ಯಾಕ್ಟರ್ ಕೈ ಬಿಟ್ಟಿತು ಎಂದೇ ಚಿಕ್ಕಲಿಂಗ ತಿಳಿದ. ರಾಗಿ ಹೊಲ, ತೆಳ್ಳನೆ ಗಂಜಿ, ಎಲ್ಲಾ ಕಣ್ಣ ಮುಂದೆ ಬಂತು. ಚೀಲ ಎತ್ತಿಕೊಂಡ.

“ಲೋ, ಎಲ್ಲಿಗೆ ಹೊರಟೆ?” ಜವರಪ್ಪ ಗದರಿದರು. ಸಾಮಿ ಹೋಗಿ ‘ಲೋ’ ಆಗಿತ್ತು. “ಬೆಲೆ ಆಡೋಲ್ವಾ? ಕೈ ಕೊಡು.”

ಚಿಕ್ಕಲಿಂಗ ಕೈ ಕೊಟ್ಟ. ಅಭ್ಯಾಸಬಲ, ಇನ್ನೊಂದು ಕೈ ಹೆಗಲ ಮೇಲಿನ ಟವೆಲ್ ಎಳೆದು ಮುಚ್ಚಿಯೇಬಿಟ್ಟಿತು. ಜವರಪ್ಪ ಅದನ್ನು ಕಿತ್ತು ಅವನ ಹೆಗಲಿಗೇ ಎಸೆದರು.

“ಬಾಯಿ ಬಿಟ್ಟು ಹೇಳು. ಇವರೆಲ್ಲಾ ಕೇಳಲಿ. ಗಾಡಿ ಗೊತ್ತಿರೋನು ನೀನು. ಎಷ್ಟು ಬಾಳುತ್ತೆ?”

“ಎರಡೂವರೆ.”

“ನಿನ್ನ ಹತ್ರ ಎಷ್ಟಿದೆ?”

“ಎರಡು. ಅಷ್ಟೇ ಇರೋದು.”

ಜವರಪ್ಪ ಕೈ ಬಿಡದೆ ಯೋಚಿಸಿದರು. ಗಾಡಿ ಮಾರಿದರೂ ಅವರ ಹೊಲ ಎಲ್ಲಿಗೂ ಹೋಗುವುದಿಲ್ಲವಲ್ಲ. ಅದನ್ನು ಉಳಲು ಅವರೂ ಯಾರನ್ನೋ ಕಾಯಲೇಬೇಕು.

“ಉಳಿದ ಅರ್ಧಕ್ಕೆ ಮೂರು ವರ್ಷ ನನ್ನ ಹೊಲ ಉತ್ತುಕೊಡಬೇಕು. ಹದ ಬಂದ ದಿನವೇ ಬರಬೇಕು, ನೆಪ ಹೇಳ್ಬಾರ್ದು. ಒಪ್ಪಿಗೇನಾ?”

“ಒಪ್ಪಿಗೆ ಯಜಮಾನ್ರೇ! ನೂರು ಸಲ ಒಪ್ಪಿಗೆ!”

“ಇನ್ನೊಂದು. ಇವತ್ತು ಆಶ್ರಮದ ತನಕ ನಾನೂ ಬರ್ತೀನಿ, ಪಕ್ಕದಲ್ಲಿ ಕೂತ್ಕೊಂಡು. ಡಾಕ್ಟ್ರು ಓಡಿಸ್ಬೇಡಿ ಅಂದಿರೋದು, ಕೂತ್ಕೋಬೇಡಿ ಅಂದಿಲ್ಲ!”

ಡಾಕ್ಟರು ಗಾಡಿ ಹತ್ತಲೇಬೇಡಿ ಎಂದಿದ್ದರು. ಯಾರೂ ನೆನಪಿಸಲಿಲ್ಲ.

ಸೇತುವೆ ಬಳಸಿ ಬಂದರು. ದಾರಿಯುದ್ದಕ್ಕೂ ಮಣ್ಣು ರಸ್ತೆ. ಚಿಕ್ಕಲಿಂಗ ಹಾರ್ನ್ ಹೊಡೆದದ್ದೇ ಹೊಡೆದದ್ದು. ಪಕ್ಕದಲ್ಲಿ ಜವರಪ್ಪ, “ಗೇರ್ ಹಾಕು, ಗೇರ್ ಹಾಕು, ಉಬ್ಬು ಬಂತು!” ಎಂದು ಜೀವ ತಿಂದದ್ದೇ ತಿಂದದ್ದು.

ಹಾರ್ನ್ ಕೇಳಿದ್ದೇ ತಡ, ಆಶ್ರಮದಿಂದ ಯಾರೋ ಓಡಿ ಬಂದರು. ಗುರುಗಳು! ಕಾಲಿಗೆ ಒಂದೇ ಚಪ್ಪಲಿ.

ಟ್ರ್ಯಾಕ್ಟರ್ ನಿಂತಿತು. ಚಿಕ್ಕಲಿಂಗ ಧುಮುಕಿ ಇಳಿದು ಕಾಲಿಗೆ ಬಿದ್ದ.

“ಎರಡೂವರೆ ಆಯ್ತು ಬುದ್ಧಿ. ಎಲ್ಲರ ಮುಂದೆ ಬಾಯಿ ಬಿಟ್ಟೇ ಹೇಳ್ದೆ. ಎರಡು ಕೊಟ್ಟೆ. ಉಳಿದದ್ದಕ್ಕೆ ಮೂರು ವರ್ಷ ಇವರ ಹೊಲ ಉಳಬೇಕು.”

ಗುರುಗಳು ಜವರಪ್ಪನಿಗೆ ಕೈ ಮುಗಿದರು. ಗಾಡಿಯ ಸುತ್ತ ಒಂದು ಸುತ್ತು ಬಂದರು, ಟೈರು ತಟ್ಟಿದರು, ಬಗ್ಗಿ ಬೋಲ್ಟ್ ನೋಡಿದರು. ಆಮೇಲೆ ಚಿಕ್ಕಲಿಂಗನ ಕಡೆ ಕೈ ಚಾಚಿದರು.

“ಆ ಟವೆಲ್ ಇತ್ತ ಕೊಡೋ ಮಗ. ಬಾನೆಟ್ ಮೇಲೆ ಧೂಳು ಕೂತಿದೆ, ಒರೆಸೋಣ.”