ಸಿಡಿಯಪ್ಪನ ಕಟ್ಟೆ, ಗೊರವಂಕದ ಕೊಂಕು

ಮಕ್ಕಳೇ, ಒಂದು ಗುಡ್ಡದ ಇಳಿಜಾರಿನಲ್ಲಿ ಸಿಡಿಯಪ್ಪ ಎಂಬ ಮುಳ್ಳುಹಂದಿ ಇದ್ದ. ಅವನ ಬಿಲದ ಮುಂದೆ ಅಂಗೈಯಗಲ ಸಮ ನೆಲವಿರಲಿಲ್ಲ. ಮಾತಾಡಲು ಬಂದವರು ಕೂತಲ್ಲಿಂದಲೇ ಜಾರುತ್ತಿದ್ದರು. ಅವನ ಮುಳ್ಳಿನ ಭಯ ಬೇರೆ. ಹಾಗಾಗಿ ಅತ್ತ ಯಾರೂ ಸುಳಿಯುತ್ತಿರಲಿಲ್ಲ.

"ಒಂದು ಕಟ್ಟೆ ಕಟ್ಟಿದರೆ ನಾಲ್ಕು ಜನ ಬಂದು ಕೂರುತ್ತಾರೆ" ಎಂದುಕೊಂಡ ಸಿಡಿಯಪ್ಪ.

ಕೆಲಸದಲ್ಲಿ ಅವನು ಗಟ್ಟಿಗ. ಬುಡಕ್ಕೆ ದಪ್ಪ ಕಲ್ಲು ಹೂತು, ಗೋಡೆಯನ್ನು ಗುಡ್ಡದ ಕಡೆಗೆ ತುಸು ವಾಲಿಸಿ ಎಬ್ಬಿಸಿದ. ಗೋಡೆಯ ಹಿಂದೆ ಜಲ್ಲಿ ತುಂಬಿ, ಮೇಲೆ ಮಣ್ಣು ಹಾಕಿ ತುಳಿದು ಸಮ ಮಾಡಿದ. ಗೋಡೆಯ ಬುಡದಲ್ಲಿ ಅಲ್ಲಲ್ಲಿ ತೂತು ಬಿಟ್ಟ.

ಗೋಡೆಯ ಕೆಳಗಿನ ಹುಲ್ಲಿನಲ್ಲಿ ನೀಲವ್ವ ಎಂಬ ಗೌಜಲಹಕ್ಕಿ ಮೊಟ್ಟೆ ಇಟ್ಟಿದ್ದಳು.

"ತೂತು ಯಾಕಣ್ಣ?" ಎಂದು ಕೇಳಿದಳು.

"ಗುಡ್ಡದ ನೀರು ಹೊರಗೆ ಹೋಗಬೇಕಲ್ಲ ತಂಗಿ. ಒಳಗೇ ನಿಂತರೆ ಗೋಡೆಯನ್ನೇ ನೂಕಿಬಿಡುತ್ತೆ. ನೀನು ನಿಶ್ಚಿಂತೆಯಿಂದ ಕಾವು ಕೂತ್ಕೋ."

ಮೊದಲ ಮಳೆ ಬಂತು. ಮಳೆ ನಿಂತ ಮೇಲೆ ಮೊಲ, ಉಡ, ಮುಂಗುಸಿ ಎಲ್ಲ ಕಟ್ಟೆಗೆ ಬಂದು, ಮುಳ್ಳಿನಿಂದ ಮಾರು ದೂರದಲ್ಲಿ ಕೂತರು. ಸಿಡಿಯಪ್ಪನಿಗೆ ಹಿಡಿಸಲಾರದ ಸಂತೋಷ. ಅಷ್ಟರಲ್ಲಿ ಪಕ್ಕದ ಮರದ ಕೊಂಬೆಯ ಮೇಲಿದ್ದ ಗೊರವಂಕ ಹಕ್ಕಿ ಕೆಳಗೆ ಬಗ್ಗಿ ನೋಡಿತು. ಗೋಡೆಯ ತೂತುಗಳಿಂದ ನೀರು ಸೋರುತ್ತಿತ್ತು.

"ಏನು ಸಿಡಿಯಪ್ಪನವರೇ, ನಿಮ್ಮ ಗೋಡೆಗೆ ಆಗಲೇ ನೆಗಡಿ ಬಂತಾ? ಮೂಗು ಸೋರ್ತಾ ಇದೆ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಿಡಿಯಪ್ಪನಿಗೆ ನಾಚಿಕೆಯಿಂದ ಭೂಮಿಗೆ ಇಳಿದುಹೋದಂತಾಯಿತು. ನಗುವವರ ಬಾಯಿ ಮುಚ್ಚುವುದು ಎಲ್ಲಾದರೂ ಉಂಟೇ? ಮರುದಿನ ಜೇಡಿಮಣ್ಣು ತಂದು ತೂತುಗಳನ್ನು ಮುಚ್ಚಿದ.

"ಅಣ್ಣ, ನೀರು ನಿಂತರೆ ನೂಕುತ್ತೆ ಅಂತ ನೀನೇ ಹೇಳಿದ್ದೆಯಲ್ಲ?" ಎಂದಳು ನೀಲವ್ವ.

"ಗೋಡೆ ಗಟ್ಟಿಯಾಗಿದೆ, ಏನೂ ಆಗಲ್ಲ. ನೋಡಿದವರು ನಗ್ತಾರೆ ತಂಗಿ."

ಮೊಟ್ಟೆಗಳನ್ನು ಹೊತ್ತು ಎಲ್ಲಿಗೆ ಹೋದಾಳು? ಕೂತಲ್ಲೇ ಕೂತಳು.

"ಈಗ ನೋಡಿ, ಎಷ್ಟು ಚೆಂದ" ಎಂದಿತು ಗೊರವಂಕ. ಉಳಿದವರೂ ತಲೆದೂಗಿದರು. ಸಿಡಿಯಪ್ಪ ಉಬ್ಬಿಹೋದ.

ಆಮೇಲೆ ಜಡಿಮಳೆ ಹಿಡಿಯಿತು. ಒಂದು ಮಧ್ಯಾಹ್ನ ನೋಡಿದರೆ ಗೋಡೆ ನಡುವಿನಲ್ಲಿ ಹೊಟ್ಟೆ ಬಿಟ್ಟಿತ್ತು. ಸಿಡಿಯಪ್ಪ ಎದ್ದುಬಿದ್ದು ಕೆಳಗೋಡಿ ಮಣ್ಣು ಕೆರೆಯತೊಡಗಿದ. ಒಂದು ತೂತು ತೆರೆಯುವಷ್ಟರಲ್ಲಿ ಗೋಡೆ ದಬದಬನೆ ಕುಸಿಯಿತು. ನೀಲವ್ವ ಹಾರಿ ಪಾರಾದಳು. ಮೊಟ್ಟೆಗಳು ಕಲ್ಲಿನಡಿ ಸಿಕ್ಕಿಕೊಂಡವು.

ಸಿಡಿಯಪ್ಪ ಒಂದೊಂದೇ ಕಲ್ಲು ಸರಿಸಿದ. ಸಿಕ್ಕಿದ್ದು ಕೆಸರಿಗಂಟಿದ ಚಿಪ್ಪಿನ ಚೂರು ಮಾತ್ರ.

"ನಿನ್ನ ಮಾತು ನಂಬಿ ಕೂತೆ" ಎಂದಳು ನೀಲವ್ವ. ಹುಲ್ಲಿನೊಳಗೆ ನಡೆದುಹೋದಳು.

ಸಿಡಿಯಪ್ಪ ತಲೆಯೆತ್ತಿ ಗೊರವಂಕವನ್ನು ನೋಡಿದ. "ನೀನು ನಕ್ಕೆ ಅಂತ ಮುಚ್ಚಿದೆ ಕಣಯ್ಯ."

"ನಾನು ತಮಾಷೆಗೆ ಅಂದೆ. ಮುಚ್ಚು ಅಂತ ಹೇಳಿದ್ನಾ?" ಎಂದು ಗೊರವಂಕ ರೆಕ್ಕೆ ಕೊಡವಿ, ಹರಟೆಗೆ ಬೇರೆ ಜಾಗ ಹುಡುಕಿಕೊಂಡು ಹಾರಿಹೋಯಿತು.

ನೀತಿ: ಪರರ ನಗೆಗೆ ನಾಚಿ ತಿಳಿದೂ ತಪ್ಪು ಮಾಡಿದರೆ, ನಕ್ಕವರಿಗೆ ನಷ್ಟವಿಲ್ಲ, ನಂಬಿದವರಿಗೆ ನಷ್ಟ.