ಸಣ್ಣವ್ವ ದನಿ ಏರಿಸಿದ್ದು

ಲೋಕ ಇನ್ನೂ ಹೊಸದು. ಬೆಟ್ಟಗಳ ಬಿಸಿಯೇ ಆರಿರಲಿಲ್ಲ. ಆಗ ಒಂದು ಗುಹೆಯಲ್ಲಿದ್ದ ಪುಟ್ಟ ಬಾವಲಿಗಳಿಗೆಲ್ಲ ಒಂದೇ ಮುಖ, ಒಂದೇ ರೆಕ್ಕೆ, ಒಂದೇ ದನಿ.

ಅಲ್ಲೊಂದು ಪದ್ಧತಿಯಿತ್ತು. ಸಂಜೆಯಾದರೆ ತಾಯಂದಿರು ಮರಿಗಳನ್ನೆಲ್ಲ ಒಂದೇ ಗೋಡೆಗೆ ನೇತುಹಾಕಿ ಸೊಳ್ಳೆ ಹಿಡಿಯಲು ಹೋಗುವರು. ಬೆಳಕು ಹರಿಯುವಾಗ ಬಂದು, ಎದೆಗೆ ಮೊದಲು ಹತ್ತಿದ ಮರಿಗೆ ಹಾಲು ಕೊಡುವರು. ಯಾರ ಮರಿಯಾದರೇನು, ಎಲ್ಲ ನಮ್ಮವೇ. ಇದು ದೊಡ್ಡ ಗುಣವೆಂದು ಎಲ್ಲರೂ ಒಪ್ಪಿದ್ದರು. ಮುಖ್ಯವಾಗಿ, ದಪ್ಪ ಮರಿಗಳ ತಾಯಂದಿರು.

ಸಣ್ಣವ್ವನೆಂಬ ಬಾವಲಿ ಹೆತ್ತ ಮರಿ ಬಡಕಲು. ಅದು ತೆವಳಿ ಬರುವಷ್ಟರಲ್ಲಿ ಎಲ್ಲ ಎದೆಗಳೂ ಭರ್ತಿ. ಸಣ್ಣವ್ವ ಕೂಗಿದರೆ ಗೋಡೆ ತುಂಬ ಮರಿಗಳು ‘ಅವ್ವಾ’ ಎನ್ನುತ್ತಿದ್ದವು. ಅವುಗಳಲ್ಲಿ ತನ್ನದು ಯಾವುದು?

"ಅಕ್ಕಾ, ನನ್ನ ಮರಿ ಹಸಿದು ಸಾಯ್ತದೆ," ಎಂದಳು ಸಣ್ಣವ್ವ.

"ನನ್ನ ಮರಿ, ನಿನ್ನ ಮರಿ ಅಂತೀಯಲ್ಲೇ," ಎಂದು ಪಕ್ಕದಲ್ಲೇ ನೇತಾಡುತ್ತಿದ್ದ ದ್ಯಾವಕ್ಕ ಬೇಸರಪಟ್ಟುಕೊಂಡಳು. ಅವಳ ಎದೆಯಲ್ಲಿ ಅವಳದೇ ಮರಿ ತೇಗುತ್ತಿತ್ತು.

ಸಣ್ಣವ್ವ ಗುಹೆಯ ಬಾಯಿಗೆ ಹೋಗಿ ಗಾಳಿಯನ್ನು ಕೇಳಿದಳು.

"ಗಾಳಿಯಪ್ಪಾ, ನನ್ನ ಮರಿ ಗುರುತು ಸಿಗೋ ಹಾಗೆ ಮಾಡು."

"ಬಣ್ಣ ಕೊಟ್ಟರೆ ಕತ್ತಲಲ್ಲಿ ಯಾರಿಗೆ ಕಂಡೀತು ಮಗಳೇ," ಎಂದಿತು ಗಾಳಿ. "ನಿಮ್ಮವರ ದನಿಗಿಂತ ಮೇಲೆ ಇನ್ನೂ ಜಾಗ ಖಾಲಿ ಇದೆ. ಅಲ್ಲಿಗೇರಿಸಿ ಕೂಗು. ನಿನ್ನ ಹೊಟ್ಟೆಯಲ್ಲಿ ಬೆಳೆದ ಕಿವಿಗೆ ಕೇಳಿಸ್ತದೆ. ಆದರೆ ಏರಿದ ದನಿ ಇಳಿಯೋದಿಲ್ಲ. ಅಕ್ಕತಂಗಿಯರಿಗೆ ನಿನ್ನ ಮಾತು ಇನ್ನು ಕೇಳಿಸೋದಿಲ್ಲ."

ಸಣ್ಣವ್ವ ಗುಹೆಯ ಕಡೆ ತಿರುಗಿ ನೋಡಿದಳು. ಹುಟ್ಟಿದಂದಿನಿಂದ ಅವಳು ಅವರ ರೆಕ್ಕೆಗಳ ಬಿಸಿಯಲ್ಲೇ ಮಲಗಿದವಳು.

ಆಮೇಲೆ ದನಿ ಏರಿಸಿ ಕೂಗಿದಳು.

ಗೋಡೆ ಸುಮ್ಮನಿತ್ತು. ಕೆಳಗಿನ ಒಂದು ಬಿರುಕಿನಿಂದ ಮಾತ್ರ, ತೀರ ಸಣ್ಣಗೆ, ಅಷ್ಟೇ ಎತ್ತರದ ಒಂದು ದನಿ ಬಂತು. ಸಣ್ಣವ್ವ ಹಾರಿಹೋಗಿ ಮರಿಯನ್ನು ಎದೆಗವುಚಿಕೊಂಡಳು. ಅದಕ್ಕೆ ಹಾಲು ಎಳೆಯಲು ಇನ್ನೂ ಶಕ್ತಿ ಉಳಿದಿತ್ತು.

"ಅಕ್ಕಾ, ಸಿಕ್ಕಿತು," ಎಂದಳು.

ದ್ಯಾವಕ್ಕನಿಗೆ ಕಂಡದ್ದು ತಂಗಿಯ ಬಾಯಿ ತೆರೆದು ಮುಚ್ಚಿದ್ದಷ್ಟೇ. "ಮಾತು ಬಿಟ್ಟಳು. ಜಂಬ," ಎಂದಳು. ಉಳಿದವರೂ ಹಾಗೇ ತೀರ್ಮಾನಿಸಿದರು. ವಿಚಾರಿಸುವ ಕೆಲಸ ತಪ್ಪಿತು. ಮುಖ, ರೆಕ್ಕೆ ಅವೇ ಉಳಿದು, ಸಣ್ಣವ್ವನ ಸಂತತಿ ಏರಿದ ದನಿಯ ಬೇರೆ ಕುಲವಾಯಿತು.

ಅದಕ್ಕೇ ಇವತ್ತಿಗೂ ಸಂಜೆ ಬೀದಿದೀಪದ ಸುತ್ತ ಹಾರುವ ಪುಟ್ಟ ಬಾವಲಿಗಳಲ್ಲಿ ಯಾವುದು ಯಾವ ಕುಲದ್ದೆಂದು, ಬಲ್ಲವರು ಹಿಡಿದು ಅಳೆದರೂ ಹೇಳಲಾರರು, ದನಿಯನ್ನೇ ಕೇಳಬೇಕು. ಮತ್ತು ಅದಕ್ಕೇ ಅವು ರೆಕ್ಕೆಗೆ ರೆಕ್ಕೆ ತಾಗುವಷ್ಟು ಹತ್ತಿರ ಬಂದರೂ ಒಂದನ್ನೊಂದು ಕರೆಯದೆ ದಾಟಿಹೋಗುತ್ತವೆ.