ಮೇಣದ ಮಾನವ್ವ ಹಾರೆ ಎತ್ತಿದ್ದು

ಬಹಳ ಹಿಂದೆ ಒಂದೂರಿತ್ತು. ಎಷ್ಟು ಹಿಂದೆ ಅಂದರೆ, ನಮ್ಮಜ್ಜಿಗೆ ಅವರಜ್ಜಿ ಹೇಳುವಾಗಲೂ ಇದು ಹಳೆಯ ಮಾತೇ ಆಗಿತ್ತಂತೆ. ಊರಿನ ಹೆಸರು ಕಟಗಿನಾಳ. ಮೇಲೆ ಎರೆಮಣ್ಣು, ಕೆಳಗೆ ಬರೀ ಬಂಡೆ. ಆ ಊರಲ್ಲಿ ಕಂಬಾರರ ಮಾನವ್ವ ಅಂತ ಒಬ್ಬಳಿದ್ದಳು. ಬಾವಿಯ ತಳದಲ್ಲಿ ಏನು ಬಿದ್ದಿದೆ, ಹೇಗೆ ಬಿದ್ದಿದೆ ಅನ್ನುವುದನ್ನು ದಡದಲ್ಲಿ ಕೂತೇ ಹೇಳುತ್ತಿದ್ದಳಂತೆ. ಹಗ್ಗಕ್ಕೆ ಕಿವಿ ಕೊಟ್ಟರೆ ಕಬ್ಬಿಣ ಅವಳ ಜೊತೆ ಮಾತಾಡುತ್ತಿತ್ತಂತೆ. ಅದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮೇಣದ ಮಾತನ್ನು ಮಾತ್ರ ಪೂರಾ ನಂಬುತ್ತೇನೆ, ಕೇಳಿ.

ಊರಿಗೆಲ್ಲ ಇದ್ದದ್ದು ಒಂದೇ ಬಾವಿ. ಮೇಲೆ ಅಗಲ, ತಳದಲ್ಲಿ ಬಂಡೆ. ಆ ಬಂಡೆಯಲ್ಲಿ ಒಂದು ಕಿರಿದಾದ ತೂತು, ಮನುಷ್ಯರಿರಲಿ, ಕೊಡವೂ ಇಳಿಯದಷ್ಟು ಕಿರಿದು. ನೀರೆಲ್ಲ ಅದರಿಂದಲೇ ಉಕ್ಕಿ ಬರಬೇಕು. ಒಂದು ಸಲ ಆ ತೂತನ್ನು ಇನ್ನಷ್ಟು ಆಳ ಮಾಡೋಣವೆಂದು ಊರವರು ದೊಡ್ಡದೊಂದು ಹಾರೆಯನ್ನು ಹಗ್ಗಕ್ಕೆ ಕಟ್ಟಿ, ರಾಟೆಯ ಮೇಲಿಂದ ಎತ್ತಿ ಎತ್ತಿ ಬಿಟ್ಟರು. ಹಾರೆಗೆ ಗುಂಡನೆಯ ತಲೆ, ಅದರ ಕೆಳಗೆ ಕತ್ತು, ಕತ್ತಿಗೆ ಹಗ್ಗ. ಮಾಡಿಕೊಟ್ಟವನು ಮಾನವ್ವನ ಗಂಡ ಮೌನಪ್ಪ. ಕೆಲಸ ಅರ್ಧವಾಗಿತ್ತು, ಹಗ್ಗ ಹರಿದು ಬರಿದೇ ಮೇಲೆ ಬಂತು. ಹಾರೆ ಒಳಗೇ ಉಳಿಯಿತು, ಅದರ ಮೇಲೆ ಕಲ್ಲು ಕುಸಿದವು, ಸೆಲೆ ಕಟ್ಟಿಕೊಂಡಿತು.

ಹಗ್ಗ ಬಾಳನಗೌಡರ ಮನೆಯದು. ಊರಿಗೆ ಹಿರಿಯರು, ಅವರ ಹಗ್ಗ ಹರಿಯಿತು ಅನ್ನುವ ಧೈರ್ಯ ಯಾರಿಗಿದೆ? ಹಾರೆಯ ತಲೆ ಸೀಳಿ, ಅದರ ಅಂಚಿಗೆ ಹಗ್ಗ ಕೊಯ್ದುಹೋಗಿದೆ ಅಂದರು ಊರವರು. ಮೌನಪ್ಪನದು ಕೆಟ್ಟ ಕೆಲಸ ಅಂದರು. ಆ ಮಾತನ್ನು ಹೊತ್ತುಕೊಂಡೇ ಮೌನಪ್ಪ ತೀರಿಕೊಂಡನಂತೆ. ಜನ ನೇಗಿಲಿನ ಕುಡ, ಕಳೆ ತೆಗೆಯುವ ಕುರುಪಿಗಳನ್ನು ಬಡಿಸಲು ಪಕ್ಕದೂರಿಗೆ ಒಯ್ಯತೊಡಗಿದರು. ಮಾನವ್ವನ ಕುಲುಮೆ ತಣ್ಣಗಾಯಿತು.

ಇತ್ತ ಬಾವಿಯ ಕಡೆ ಗಂಡಸರು ಸುಮ್ಮನಿದ್ದರೇ? ಬಾವಿಗೆ ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲಿಗೆ ಪಾತಾಳಗರಡಿ ಅನ್ನುತ್ತಾರಲ್ಲ, ಅದನ್ನು ಮನೆಗೊಂದರಂತೆ ತಂದರು. ಒಬ್ಬನದು ಸಿಕ್ಕಿಹಾಕಿಕೊಂಡಿತು. ಅದನ್ನು ತೆಗೆಯಲು ಇನ್ನೊಬ್ಬ ಇಳಿಬಿಟ್ಟ, ಅದೂ ಸಿಕ್ಕಿಕೊಂಡಿತು. ನನ್ನದು ಗಟ್ಟಿ ಅಂತ ಮತ್ತೊಬ್ಬ ಮೀಸೆ ತಿರುವಿಕೊಂಡು ಬಂದ, ಅವನ ಹಗ್ಗವೂ ಹೋಯಿತು. ಹಾರೆ ಎತ್ತಲು ಹೋದ ಮಹಾಶಯರು ಬಾವಿಯೊಳಗೆ ಗುಜರಿ ಅಂಗಡಿ ಇಟ್ಟುಕೊಟ್ಟು ಬಂದರು! ಜಿನುಗುತ್ತಿದ್ದ ನೀರೂ ಕೆಸರಾಯಿತು. ಸುಗ್ಗಿ ಮುಗಿದ ಮೇಲೆ ಊರು ಬಿಡುವುದೆಂದು ತೀರ್ಮಾನವಾಯಿತು.

ಆಗ ಮಾನವ್ವ ಬಾವಿಗೆ ಬಂದಳಂತೆ. ಸೆರಗು ಸಿಕ್ಕಿಸಿಕೊಂಡು ದಡದಲ್ಲಿ ನಿಂತು, "ಇನ್ನ ಯಾರೂ ಏನೂ ಇಳಿಬಿಡಬ್ಯಾಡ್ರಿ. ನೋಡದ ಕೈ ಹಾಕಿದ್ದಕ್ಕ ಇಷ್ಟೆಲ್ಲಾ ಆಗೈತಿ. ಮೊದಲ ನಾ ನೋಡತೀನಿ" ಅಂದಳು.

ಗೌಡರು ಅವಳನ್ನು ಪಕ್ಕಕ್ಕೆ ಕರೆದರು. ಕೆಟ್ಟವರಲ್ಲ ಅವರು, ತಮ್ಮ ಹಗ್ಗವನ್ನು ನಿಜವಾಗಿಯೂ ನಂಬಿದ್ದರು. "ಬ್ಯಾಡ ಬಿಡವಾ. ಸೀಳಿದ ಹಾರಿ ಮಂದಿ ಮುಂದ ಮ್ಯಾಲ ಬಂದ್ರ ಮೌನಪ್ಪನ ಹೆಸರು ಪೂರಾ ಮಣ್ಣಾಗತೈತಿ."

"ಸೀಳಿದ್ರ ಸೀಳಿದ್ದ ಬರ್ಲಿ ಗೌಡ್ರ. ಊರಿಗೆ ನೀರಂತೂ ಬರತೈತಲ್ಲ."

ಜೇನುಮೇಣದ ಉಂಡೆಯನ್ನು ಬಿಸಿಲಿಗಿಟ್ಟು ಮೆತ್ತಗೆ ಮಾಡಿದಳು. ಅದನ್ನು ಭಾರದ ಕಲ್ಲಿನ ಅಡಿಗೆ ಒತ್ತಿ, ಹಗ್ಗಕ್ಕೆ ಕಟ್ಟಿ, ತೂತಿನೊಳಗೆ ನೆಟ್ಟಗೆ ಇಳಿಸಿದಳು. ತಳ ಮುಟ್ಟಿತು, ಒತ್ತಿತು, ಎತ್ತಿದಳು. ಮೇಣದಲ್ಲಿ ಕೊಕ್ಕೆಯ ಗುರುತು ಮೂಡಿತ್ತು, ಯಾವ ಕಡೆ ಬಾಯಿ, ಯಾವ ಕಡೆ ಬೆನ್ನು ಎಲ್ಲ. ಮನೆಗೆ ಹೋಗಿ ತಿದಿ ಊದಿ, ಆ ಬಾಯಿಗೆ ಸರಿಯಾದ ಕೊಕ್ಕೆ ಬಡಿದು ತಂದಳು. ಮೇಲಿನದು ಬಂತು. ಮತ್ತೆ ಮೇಣ, ಮತ್ತೆ ಕುಲುಮೆ. ಕಲ್ಲಿನ ಗುರುತು ಬಂದರೆ ಎಳೆದಾಗ ಬಾಯಿ ಮುಚ್ಚುವ ಇಕ್ಕಳ. ಮೇಣ ತೋರಿಸಿದ್ದನ್ನೇ ಮಾಡಿದಳು, ಮಾಡಿದ್ದು ಬರಿಗೈಯಲ್ಲಿ ಬರಲಿಲ್ಲವಂತೆ. ತಂತಮ್ಮ ಪಾತಾಳಗರಡಿ ಗುರುತು ಹಿಡಿದು ಒಯ್ಯುವಾಗ ಮೀಸೆಯವರು ತಲೆ ಎತ್ತಲಿಲ್ಲವಂತೆ.

ಕೊನೆಗೆ ಹಾರೆಯ ಸರದಿ. ಮೇಣ ಮೇಲೆ ಬಂದಾಗ ಜನವೆಲ್ಲ ಬಗ್ಗಿ ನೋಡಿದರು. ಗುಂಡನೆಯ ತಲೆಯ ಗುರುತು ಇರಬೇಕಾದಲ್ಲಿ ಅರ್ಧಚಂದ್ರ! "ಅರ್ಧ ತಲಿ ಸೀಳಿ ಹೋಗೈತಿ, ಹೇಳಿರಲಿಲ್ಲೇನು?" ಅಂದರು. ಸೀಳಿದ್ದರೂ ಇದೇ ಗುರುತು ಬರುತ್ತದೆ, ಅದು ಮಾನವ್ವನಿಗೂ ಗೊತ್ತು. ಆದರೆ ಹಾರೆ ಗೋಡೆಗೆ ವಾಲಿ, ಚಾಚಿದ ಕಲ್ಲಿನ ಕೆಳಗೆ ಅರ್ಧ ತಲೆ ಮರೆಯಾಗಿದ್ದರೂ ಇದೇ ಬರುತ್ತದೆ. ಯಾವುದು ನಿಜ ಅಂತ ಮೇಲೆ ಬಂದ ಮೇಲೆಯೇ ತಿಳಿಯಬೇಕು.

ವಾಲಿದೆ ಅಂದುಕೊಂಡೇ ಅವಳು ಕೆಲಸ ಮಾಡಿದಳು. ಕಬ್ಬಿಣದ ಕೊಳವೆಯೊಂದನ್ನು ಬಡಿದಳು, ಒಳಗೆ ಬಾಗುವ ನಾಲಗೆಗಳನ್ನಿಟ್ಟಳು. ಇಲಿಬೋನಿನ ಹಾಗೆ, ತಲೆ ಒಳಗೆ ಹೋಗಬಹುದು, ಹೊರಗೆ ಬರುವಂತಿಲ್ಲ. ಕೊಳವೆಯ ಬಾಯನ್ನು ಓರೆಯಾಗಿ ಕತ್ತರಿಸಿದಳು, ತಿರುಗಿಸಿದರೆ ಗೋಡೆಗೆ ಒರಗಿದ್ದನ್ನು ಬಾಚಿ ನಡುವಿಗೆ ತರಬೇಕು. ಉದ್ದ ಬಿದಿರುಗಳನ್ನು ಒಂದಕ್ಕೊಂದು ಬಿಗಿದು ತುದಿಗೆ ಅದನ್ನು ಕಟ್ಟಿ ಇಳಿಸಿದಳು, ಮೆಲ್ಲಗೆ ತಿರುಗಿಸಿದಳು. ಅಂಗೈಗೆ ಟಕ್ ಅಂತ ತಿಳಿಯಿತಂತೆ. "ಎಳೀರಿ!" ಅಂದಳು. ಹೆಂಗಸರು, ಗಂಡಸರು ಎಲ್ಲ ಸೇರಿ ಎಳೆದರು. ಹಾರೆ ಕಿತ್ತು ಬಂತು, ಅದರ ಹಿಂದೆಯೇ ನೀರು ಗುಳುಗುಳು ಉಕ್ಕಿತು.

ಊರೆಲ್ಲ ನೀರು ನೋಡಿತು. ಮಾನವ್ವ ಹಾರೆಯ ತಲೆ ನೋಡಿದಳು. ಸುತ್ತಲೂ ಕೈಯಾಡಿಸಿದಳು. ಒಂದು ಬಿರುಕಿಲ್ಲ! ಕತ್ತಿಗೆ ಹಗ್ಗದ ಕುಣಿಕೆ ಬಿಗಿದಂತೆಯೇ ಇತ್ತು. ಗಂಡ ಸತ್ತಾಗ ಅಳದಿದ್ದವಳು ಅಲ್ಲಿ ಕೂತು ಅತ್ತಳಂತೆ.

ಗೌಡರು ಕುಣಿಕೆಯನ್ನು ಬಿಚ್ಚಿ ನೋಡಿದರು. ನೀರು ತೊಳೆಯದ ಗಂಟಿನೊಳಗೆ ಹಳೆಯ ಗೆದ್ದಲ ಮಣ್ಣು. ಗೆದ್ದಲು ತಿಂದದ್ದು ಬಾವಿಯೊಳಗಲ್ಲ, ಹಗ್ಗ ಇಟ್ಟಿದ್ದ ತಮ್ಮ ಅಟ್ಟದಲ್ಲಿ. ಮುಚ್ಚಿಡಬಹುದಿತ್ತು, ಮುಚ್ಚಿಡಲಿಲ್ಲ. ಎಲ್ಲರಿಗೂ ಕೇಳುವ ಹಾಗೆ, "ಗೆದ್ದಲ ಹತ್ತಿದ್ದು ನಮ್ಮನಿ ಹಗ್ಗಕ್ಕ. ಮೌನಪ್ಪನ ಕೆಲಸ ಚೊಕ್ಕ ಐತಿ" ಅಂದರು. ತಿಳಿಯಾಗಿ ಬಂದ ಮೊದಲ ಕೊಡವನ್ನು ತಾವೇ ಹೆಗಲಿಗೇರಿಸಿ, ಕುಲುಮೆಯ ಮುಂದೆ ಕಾದ ಕಬ್ಬಿಣ ಅದ್ದುವ ಕಲ್ಲುದೋಣಿಗೆ ಸುರಿದರು.

ನಮ್ಮಜ್ಜಿ ಹೇಳುವಾಗ ಹಾರೆ ಒಂದಾಳುದ್ದ ಇತ್ತು, ನಾನು ಹೇಳುವ ಹೊತ್ತಿಗೆ ಎರಡಾಳಾಗಿದೆ. ನೀವು ಎಷ್ಟಾದರೂ ಮಾಡಿಕೊಳ್ಳಿ, ಸೀಳಿತ್ತು ಅಂತ ಮಾತ್ರ ಹೇಳಬೇಡಿ.

ಕಟಗಿನಾಳದಲ್ಲಿ ಈಗ ಕುಲುಮೆ ಇಲ್ಲ, ಕಲ್ಲುದೋಣಿ ಇದೆ. ಇವತ್ತಿಗೂ ಬೆಳಗಿನ ಮೊದಲ ಕೊಡ ಅದಕ್ಕೇ. ಕುಲುಮೆಯೇ ಇಲ್ಲದ ದೋಣಿಗೆ ಯಾಕೆ ನೀರು ಅಂತ ಹೊಸದಾಗಿ ಬಂದ ಸೊಸೆಯರು ಕೇಳುತ್ತಾರೆ. ಅತ್ತೆಯರು ಹೇಳುತ್ತಾರಂತೆ: "ಹಾಕವಾ, ಮೌನಪ್ಪ ಇದ್ದಾಗ ಹಾಕಬೇಕಿತ್ತು."